ಅರ್ಧ ಹೊಟ್ಟೆಯಲ್ಲಿ ಕಳಿಸದ ಸಾವ್ಕಾರರು

ನಮ್ಮ ಸಾವ್ಕಾರರ ಬಲಗೈ ಅಂಗೈ ಸದಾ ಕಪ್ಪು. ಬೆಳಗ್ಗೆ ಎದ್ದವರೇ ತಾರ್ನಾಕದ ಮನೆಯಂಗಳದಲ್ಲಿ ನಿಂತಿರುತ್ತಿದ್ದ ತಮ್ಮ ನಾಲ್ಕೂ ಟ್ಯಾಕ್ಸಿಗಳ ಟೈರು ಸವರಿ ನೋಡುತ್ತಿದ್ದರು. ಬ್ಯಾಟರಿ ಗಾಡಿಗೆ ಭಾರ ಹೆಚ್ಚು, ಟೈರು ಬೇಗ ಸವೆಯುತ್ತದೆ. ಅದೇ ಕೈಯನ್ನು ಲುಂಗಿಗೆ ಒರೆಸಿಕೊಂಡು ನಮಗೆ ಚಹಾ ಕೊಡುತ್ತಿದ್ದರು. ಅವರ ಹೆಬ್ಬೆರಳಿನ ಗುರುತಿಲ್ಲದ ಲೋಟದಲ್ಲಿ ನಾನು ಚಹಾ ಕುಡಿದ ನೆನಪಿಲ್ಲ.

ಸಾವ್ಕಾರರು ಬೀದರ ಕಡೆಯವರು. ಯಾದಗಿರಿಯಿಂದ ಈ ನಗರಕ್ಕೆ ಗಾರೆ ಕೆಲಸಕ್ಕೆ ಬಂದಿದ್ದ ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರೂ ಅವರೇ. ಡೀಸೆಲ್ ಗಾಡಿಗಳ ಕಾಲದಿಂದ ಅವರದು ಒಂದೇ ಕಾನೂನು: ಗಾಡಿಯಾಗಲಿ, ಡ್ರೈವರಾಗಲಿ, ಅರ್ಧ ಹೊಟ್ಟೆಯಲ್ಲಿ ಅಂಗಳ ದಾಟಬಾರದು.

"ಏ, ರೊಟ್ಟಿ ತಿಂದೀ ಇಲ್ಲೋ? ದಾರ್ಯಾಗ ನೀನೂ ಸೊರಗಬಾರದು, ಗಾಡೀನೂ ಸೊರಗಬಾರದು," ಎನ್ನುವರು.

ಡೀಸೆಲ್ ಗಾಡಿಗಳನ್ನು ಮಾರಿ ಕರೆಂಟಿನವು ತಂದಾಗ ನಾವೆಲ್ಲ ಹಿಗ್ಗಿದ್ದೆವು. ಎಂಜಿನ್ ಆಯಿಲ್ ಇಲ್ಲ, ಬ್ರೇಕ್ ಸವೆಯುವುದು ಕಡಿಮೆ, ಓಡಿಸುವ ಖರ್ಚೂ ಎಷ್ಟೋ ಅಗ್ಗ. ಸಾವ್ಕಾರರು ಮಾತ್ರ ಹಳೇ ಕಾನೂನು ಬಿಡಲಿಲ್ಲ. ದಿನಾ ನೂರಕ್ಕೆ ನೂರು ಚಾರ್ಜ್. ಸುಡು ಬೇಸಿಗೆಯ ಮಧ್ಯಾಹ್ನವೂ ಫಾಸ್ಟ್ ಚಾರ್ಜರಿಗೆ ಹಾಕಿ ಮತ್ತೆ ನೂರು. ಯಾರಾದರೂ ಎಂಬತ್ತಕ್ಕೇ ವೈರು ಕಿತ್ತರೆ ಬೈಗುಳ ತಪ್ಪುತ್ತಿರಲಿಲ್ಲ: "ಉಣ್ಣಾಕ ಕುಂತವನ್ನ ನಡುವ ಎಬ್ಬಸ್ತೀಯೇನಲೇ?"

ಒಂದು ಬೇಸಿಗೆಯಲ್ಲಿ ತಾಯಿ ಮಗಳಿಬ್ಬರನ್ನು ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದೆ. ಕಾಲುಭಾಗ ಚಾರ್ಜ್ ತೋರಿಸುತ್ತಿದ್ದ ಗಾಡಿ ನೋಡನೋಡುತ್ತಲೇ ನಿಂತುಬಿಟ್ಟಿತು. ಫೋನ್ ಮಾಡಿದೆ. ಸಾವ್ಕಾರರು ಇನ್ನೊಬ್ಬ ಡ್ರೈವರನ ಗಾಡಿಯಲ್ಲಿ ಓಡಿಬಂದು ಅವರಿಬ್ಬರನ್ನು ಅದರಲ್ಲಿ ಕಳಿಸಿದರು. ಆಮೇಲೆ ನಿಂತ ಗಾಡಿಯ ಬಾನೆಟ್ ಎತ್ತಿದರು. ಆಯುಷ್ಯವೆಲ್ಲ ರಸ್ತೆ ಬದಿಯಲ್ಲೇ ಎಂಜಿನ್ ಬಿಚ್ಚಿ ಕೂಡಿಸಿದ ಕೈಗೆ ಅಲ್ಲಿ ಬಿಚ್ಚುವಂಥದ್ದು ಏನೂ ಇರಲಿಲ್ಲ. ಸುಮ್ಮನೆ ಮುಚ್ಚಿದರು.

"ಡೀಸೆಲ್ ಗಾಡಿ ಇದ್ದಿದ್ರ ಒಂದು ಕ್ಯಾನ್ ತರತಿದ್ದೆ. ಇದಕ್ಕ ಏನ ತರಲಿ, ಹೇಳು?" ಅಂದರು. ನನಗೆ ಅಳು ಬಂತು.

ಸರ್ವಿಸ್ ಸೆಂಟರಿನ ಎಂಜಿನಿಯರ್ ಹುಡುಗಿ ಪಾಪ, ಮೆತ್ತಗೇ ಹಿಂದಿಯಲ್ಲಿ ತಿಳಿಸಿ ಹೇಳಿದಳು. ದಿನಾ ಪೂರ್ತಿ ತುಂಬಿಸಿ, ಬಿಸಿಲಲ್ಲಿ ಫಾಸ್ಟ್ ಚಾರ್ಜ್ ಮಾಡಿ ಬ್ಯಾಟರಿ ಬೇಗ ಸೋತಿದೆ, ಎಂಬತ್ತಕ್ಕೆ ನಿಲ್ಲಿಸಬೇಕಿತ್ತು. ಟ್ಯಾಕ್ಸಿ ಓಡಿದ ಕಿಲೋಮೀಟರಿಗೆ ವಾರಂಟಿಯೂ ಮುಗಿದಿದೆ. ಹೊಸ ಬ್ಯಾಟರಿ ಹಾಕಿಸುವ ಶಕ್ತಿ ಸಾವ್ಕಾರರಿಗೆ ಇರಲಿಲ್ಲ. ಉಳಿದ ಮೂರಕ್ಕೂ ಇದೇ ಗತಿ ಎಂಬುದು ಅವರಿಗೆ ಅಲ್ಲೇ ಹೊಳೆಯಿತು.

ಹೊರಗೆ ಬಂದು ನನ್ನ ಹೆಗಲು ಹಿಡಿದುಕೊಂಡರು. "ಹೊಟ್ಟಿ ತುಂಬಿಸಿದ್ದ ತಪ್ಪಾತೇನೋ?"

ಆಟೋ ಹಿಡಿದು ಅವರನ್ನು ಮನೆಗೆ ಕರೆತಂದೆ.

ಮರುದಿನದಿಂದ ಉಳಿದ ಗಾಡಿಗಳಿಗೆ ಎಂಬತ್ತೇ. ಆದರೆ ಸಾವ್ಕಾರರಿಗೆ ವೈರು ಕೀಳಲು ಕೈ ಬರುತ್ತಿರಲಿಲ್ಲ. "ನೀನ ಕೀಳಪಾ, ನನ್ನ ಕೈಲೆ ಆಗೂದಿಲ್ಲ," ಎಂದು ಒಳಗೆ ಹೋಗಿಬಿಡುತ್ತಿದ್ದರು. ಅದರಿಂದ ಏನೂ ಉಳಿಯಲಿಲ್ಲ. ಗಾಡಿಗಳು ಒಂದರ ಹಿಂದೆ ಒಂದು ನಿಂತವು, ಗುಜರಿಗೆ ಹೋದವು. ನನ್ನನ್ನು ಶಂಶಾಬಾದಿನ ಬೇರೊಬ್ಬ ಮಾಲೀಕರ ಹತ್ತಿರ ಅವರೇ ಕೆಲಸಕ್ಕೆ ಹಚ್ಚಿದರು.

ಆ ಚಳಿಗಾಲ ಸಾವ್ಕಾರರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಬಲಗೈ ನೋಡಿದೆ. ಅಂಗೈ ಬೆಳ್ಳಗಿತ್ತು.

ಹೊಸ ಮಾಲೀಕರ ಅಂಗಳದಲ್ಲಿ ಎಂಬತ್ತಕ್ಕೆ ಕರೆಂಟು ತಾನಾಗಿಯೇ ನಿಲ್ಲುತ್ತದೆ, ಯಾರೂ ವೈರು ಕೀಳಬೇಕಿಲ್ಲ. ಬ್ಯಾಟರಿಗಳೆಲ್ಲ ಚೆನ್ನಾಗಿವೆ. ರೊಟ್ಟಿ ತಿಂದೆಯಾ ಎಂದು ಮಾತ್ರ ಇಲ್ಲಿ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ನಾನು ತಿಂದೇ ಗಾಡಿ ಹತ್ತುತ್ತೇನೆ.