ಎಡಕ್ಕೆ ವಾಲಿದ ಸೆಟ್ಟು

ಖಲಂದರ್ ಸಾಹೇಬರು ನಮ್ಮ ಮನೆಗೆ ಬರುವಾಗ ಕೊರಳಿಗೆ ಒಂದು ವೈರು ಹಾಕಿಕೊಂಡು ಬರುತ್ತಿದ್ದರು. ಬಿಳಿ ಜುಬ್ಬಾದ ಮೇಲೆ ಕರಿ ವೈರು, ಎರಡೂ ತುದಿ ಎದೆಯ ಮೇಲೆ ಜೋತಾಡುತ್ತಿದ್ದವು. ಹೊಸಬರು ಡಾಕ್ಟರೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಅವರು ಡಾಕ್ಟರಲ್ಲ, ರಿಪೇರಿಯವರೂ ಅಲ್ಲ. ದಾವಣಗೆರೆ ಪೇಟೆಯಲ್ಲಿ ಅವರದು ಗಾದಿ, ದಿಂಬಿನ ಅಂಗಡಿ. ಹರಿಹರದಿಂದ ಬೆಳಿಗ್ಗೆ ಬಸ್ಸಿಗೆ ಬಂದು, ದಿನವೆಲ್ಲ ಹತ್ತಿ ತುಂಬಿಸಿ, ಸಂಜೆ ವಾಪಸು ಹೋಗುವ ಮುಂಚೆ ಸರಸ್ವತಿ ನಗರದ ಯಾವುದಾದರೂ ಮನೆಗೆ ನುಗ್ಗಿ ಅವರ ಹಾಡಿನ ಸೆಟ್ಟು ಸರಿ ಮಾಡುವುದು ಅವರ ಚಟವಾಗಿತ್ತು. ಸೆಟ್ಟು ಕೆಟ್ಟಿರಲೇಬೇಕು ಎಂಬ ನಿಯಮವೇನೂ ಇರಲಿಲ್ಲ.

ಕೊರಳಿನ ವೈರಿಗೆ ಅವರು ‘ಸಾಕ್ಷಿ’ ಎಂದು ಹೆಸರಿಟ್ಟಿದ್ದರು. ಅದು ಟಿವಿಯ ಶಬ್ದವನ್ನು ಬೆಳಕು ಮಾಡಿ ಆಂಪ್ಲಿಫೈಯರಿಗೆ ಒಯ್ಯುವ ವೈರು. ಯಾರ ಮನೆಯಲ್ಲಿ ಶಬ್ದ ಬರದಿದ್ದರೂ ಮೊದಲು ಅದೇ ಕೊರಳಿಂದ ಇಳಿಯಬೇಕು.

“ನಿಮ್ಮ ವೈರು ತೆಗೀರಿ, ಸಾಕ್ಷಿ ಹಾಕ್ರಿ. ಶಬ್ದ ಬಂತಾ? ನಿಮ್ಮ ವೈರೇ ಕಳ್ಳ. ಬರ್ಲಿಲ್ವಾ? ಪಾಪ, ಅದಕ್ಕೊಂದು ಸಲಾಂ ಹೊಡ್ದು ವಾಪಸ್ ಹಾಕ್ರಿ, ಮುಂದಿನೋನ್ನ ಹಿಡೀರಿ. ಒಂದ್ಸಲಕ್ಕೆ ಒಂದೇ ಬದಲಿಸ್ಬೇಕು ಬಸಣ್ಣ. ಎರಡು ಒಟ್ಟಿಗೆ ಬದಲಿಸಿದ್ರೆ ಕಳ್ಳ ಯಾರು ಅಂತ ಗೊತ್ತೇ ಆಗಲ್ಲ.”

ನಮ್ಮ ಪರಿಚಯವಾದದ್ದೂ ಹೀಗೆಯೇ. ಹೊಸ ಗಾದಿ ತಂದುಕೊಟ್ಟು ಹೋಗುವವರು ಹೊಸ ಟಿವಿಯ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ದ ನನ್ನನ್ನು ನೋಡಿದರು. ಎರಡು ದಿನದಿಂದ ಶಬ್ದವೇ ಇರಲಿಲ್ಲ. ಅವರು ನನ್ನ ವೈರನ್ನು ಎಳೆದು ತುದಿ ನೋಡಿದರು. ಅಂಗಡಿಯಲ್ಲಿ ಹಾಕಿ ಕೊಟ್ಟಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ನಾನು ಮುಚ್ಚಳದ ಸಮೇತ ಗುದ್ದಿ ಕೂರಿಸಿದ್ದೆ. ಸಾಹೇಬರು ನಗಲಿಲ್ಲ. ಮುಚ್ಚಳ ಕಿತ್ತು ನನ್ನ ಅಂಗೈಗೆ ಇಟ್ಟರು. ಆಗಲೂ ಶಬ್ದ ಬರಲಿಲ್ಲ ಎನ್ನುವುದೊಂದೇ ನನಗಿದ್ದ ಸಮಾಧಾನ. ಸಾಕ್ಷಿ ಹಾಕಿದರು, ಆದರೂ ಇಲ್ಲ. “ವೈರು ಸಾಚಾ. ಟಿವಿ ಮಾತಾಡ್ತೈತೆ, ಆದ್ರೆ ಈ ಡಬ್ಬಕ್ಕೆ ತಿಳಿಯೋ ಹಂಗೆ ಮಾತಾಡ್ತಿಲ್ಲ” ಎಂದು ಟಿವಿಯ ಸೆಟ್ಟಿಂಗಿಗೆ ಹೋಗಿ ಏನೋ ಒಂದನ್ನು ಬದಲಿಸಿದರು. ವಾರ್ತೆ ಓದುವವಳು ಒಮ್ಮೆಲೇ ಕಿರುಚಿದಳು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಗಿರಿಜಾ ಸೌಟು ಬೀಳಿಸಿದಳು.

ಅಂದಿನಿಂದ ಅವರು ವಾರಕ್ಕೊಮ್ಮೆಯಾದರೂ ಬಂದರು. ಬಂದವರು ಹೊರಡುವ ಮುಂಚೆ ಎಡ ಬಲದ ಶಬ್ದ ಸಮ ಮಾಡುವ ಆಂಪ್ಲಿಫೈಯರಿನ ಬ್ಯಾಲೆನ್ಸ್ ತಿರುಗಣೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, “ಈಗ ನೋಡ್ರಿ, ಹಾಡು ನಟ್ಟನಡುವೆ ಕುಂತೈತೆ” ಎನ್ನುತ್ತಿದ್ದರು. ನನಗೆ ಎಡಗಡೆಯೇ ಜೋರು ಕೇಳಿಸುತ್ತಿತ್ತು. ಹೇಳಿದರೆ, “ನಿಮ್ಮ ಕಿವಿ ಇನ್ನೂ ಪಳಗ್ಬೇಕು” ಎಂದರು. ಪಳಗಿಸಿಕೊಂಡೆ. ನಮ್ಮ ಬಡಾವಣೆಯಲ್ಲಿ ಅವರು ಕೈಯಾಡಿಸಿದ ಸೆಟ್ಟುಗಳೆಲ್ಲ ಎಡಕ್ಕೆ ವಾಲಿದ್ದವು, ನಾವೆಲ್ಲ ಅದನ್ನೇ ಸರಿ ಎಂದುಕೊಂಡಿದ್ದೆವು.

ಅವರ ಒಂದು ನಡೆ ಮಾತ್ರ ನನ್ನನ್ನು ಉರಿಸುತ್ತಿತ್ತು. ನಮ್ಮ ಸೆಟ್ಟು ಇರುವುದು ಬಲಗೋಡೆಯ ಮೂಲೆಯಲ್ಲಿ. ಅದರ ಮುಂದೆ ಕೂತವರಿಗೆ ಅಡುಗೆಮನೆ ಎಡಕ್ಕೆ ಬೀಳುತ್ತದೆ. ಹಾಡು ಓಡುತ್ತಿರುವಾಗ ಗಿರಿಜಾ ಬಾಗಿಲಲ್ಲಿ ನಿಂತು, “ಅಣ್ಣಾರೆ, ರೊಟ್ಟಿ ಬಿಸಿ ಐತೆ, ಊಟ ಮಾಡ್ಕೊಂಡು ಹೋಗ್ರಿ” ಎನ್ನುವಳು. ಅವರು ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ, ತಿರುಗಿ ಸಹ ನೋಡುತ್ತಿರಲಿಲ್ಲ. ಅವರ ಎಡಕ್ಕೆ, ಸೆಟ್ಟಿನ ಹಿಂದೆ ಬೆಳಕು ಬೀಳುವಂತೆ ಟಾರ್ಚು ಹಿಡಿದು ಕೂತ ನಾನೂ ಒಂದು ಮಾತು ಸೇರಿಸುತ್ತಿದ್ದೆ. ಅದಕ್ಕೂ ಅದೇ ಗತಿ. ಮುಂದೆ ತಂದಿಟ್ಟ ಟೀಯನ್ನು ಮಾತ್ರ ಕಪ್ಪಿನ ತಳ ಕಾಣುವವರೆಗೆ ಕುಡಿದು, “ಬರ್ತೀನಿ ತಂಗ್ಯಮ್ಮ” ಎಂದು ಹೊರಟುಬಿಡುತ್ತಿದ್ದರು.

“ನಮ್ಮನೆ ರೊಟ್ಟಿ ಅವ್ರಿಗೆ ಇಳಿಯಲ್ಲ ಕಾಣ್ತದೆ” ಎಂದು ಗಿರಿಜಾ ಮುಖ ಸಣ್ಣ ಮಾಡಿಕೊಳ್ಳುವಳು. ಅವಳಿಗೆ ಅಣ್ಣ ತಮ್ಮಂದಿರಿಲ್ಲ. ಬಾಯಿ ತುಂಬ ತಂಗ್ಯಮ್ಮ ಎಂದವರು ಒಂದು ತುತ್ತು ಮುಟ್ಟುವುದಿಲ್ಲವಲ್ಲ ಎಂಬುದು ಅವಳಿಗೆ ನಿಜವಾಗಿ ನೋವು ಮಾಡಿತ್ತು. “ಅವರವರ ಪದ್ಧತಿ ಇರ್ತಾವೆ ಬಿಡು” ಎಂದು ನಾನು ಸಮಾಧಾನ ಹೇಳಿದೆ. ಕೊನೆಗೆ ಅವಳು ಕರೆಯುವುದನ್ನೇ ಬಿಟ್ಟಳು.

ಒಂದು ಸಂಜೆ ಸಾಹೇಬರು ಬಂದವರೇ, “ನಿಮ್ಮ ಎಡಗಡೆದು ಪೂರಾ ಮಂಕಾಗೈತೆ” ಎಂದರು. ತಿರುಗಣೆ ಆಗಲೇ ಎಡಕ್ಕೆ ಮುಕ್ಕಾಲು ಹೋಗಿತ್ತು. ನನ್ನ ವೈರು ಕಿತ್ತು ಸಾಕ್ಷಿ ಹಾಕಿದರು. “ಇನ್ನೂ ಮಂಕು. ಸಾಕ್ಷಿನೇ ಹಾಳಾಗೈತೆ ಬಸಣ್ಣ, ಹೊಸದು ತರ್ಬೇಕು.”

ಗಿರಿಜಾ ಅಲ್ಲೇ ಅವರ ಎದುರಿಗೆ ನಿಂತಿದ್ದಳು. “ಎಡ ಬಲ ಎರಡೂ ಅದೊಂದೇ ವೈರಲ್ಲಿ ಬರ್ತಾವೆ, ಹೋದ್ರೆ ಎರಡೂ ಹೋಗ್ತಾವೆ ಅಂತ ನೀವೇ ಹೇಳಿದ್ರಲ್ಲ ಅಣ್ಣಾರೆ?”

ಸಾಹೇಬರು ಸಾಕ್ಷಿಯನ್ನು ಕಿತ್ತು ನನ್ನ ವೈರನ್ನೇ ವಾಪಸು ಹಾಕಿದರು. ಆಮೇಲೆ ಎಡ ಬಲದ ಸ್ಪೀಕರುಗಳನ್ನು ಅದಲು ಬದಲು ಮಾಡಿದರು. ಮಂಕು ಎಡಗಡೆಯೇ ಉಳಿಯಿತು. ಅವನ್ನು ಮೊದಲಿನಂತೆ ಇಟ್ಟು ಹಿಂದಿನ ತಂತಿಗಳನ್ನು ಬದಲಿಸಿದರು. ಆಗಲೂ ಎಡಗಡೆಯೇ. ಇನ್ನು ಬದಲಿಸಲು ಆ ಕೋಣೆಯಲ್ಲಿ ಏನೂ ಉಳಿದಿರಲಿಲ್ಲ. ಅವರು ತಾವು ಕೂತಿದ್ದ ಕುರ್ಚಿಯನ್ನು ಎತ್ತಿ, ಸೆಟ್ಟಿಗೆ ಬೆನ್ನು ಮಾಡಿ ಇಟ್ಟು, ಕೂತು ಕಣ್ಣು ಮುಚ್ಚಿದರು. ಹಾಡು ಪೂರ್ತಿ ಮುಗಿಯಿತು.

“ಈಗ ಆ ಕಡೇದು ಮಂಕಾತು. ಪೆಟ್ಟಿಗೇದೇನೂ ತಪ್ಪಿಲ್ಲ ಬಿಡ್ರಿ” ಎಂದರು.

ಸಾಕ್ಷಿಯನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ, ಸುತ್ತಿ ಜೇಬಿಗಿಟ್ಟರು. ಅಂದು ಟೀ ಸಹ ಕುಡಿಯಲಿಲ್ಲ. ನಾನು ಗೇಟಿನವರೆಗೆ ಟಾರ್ಚು ಹಿಡಿದುಕೊಂಡು ಹೋದೆ. ಹೊರಗೆ ಇನ್ನೂ ಬಿಸಿಲಿತ್ತು.

ಆಮೇಲೆ ಅವರು ಬರಲಿಲ್ಲ. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದಾನೆಂದು ತಿಳಿಯಿತು. ಅವರಿಲ್ಲದ ಮನೆ ನನಗೆ ಬೇಸರವಾಗತೊಡಗಿತು. ಒಂದು ದಿನ ನಾನೂ ಗಿರಿಜಾಳೂ ಹರಿಹರದ ಬಸ್ಸು ಹತ್ತಿದೆವು. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ. ಒಳಗೆ ಹೋದರೆ, ಅವರ ಸೆಟ್ಟಿನ ಎರಡೂ ಸ್ಪೀಕರು ಬಲಗಡೆಯೇ ಇದ್ದವು, ಒಂದರ ಮೇಲೊಂದು.

“ಈ ಕಡೆ ಬರ್ರಿ, ಈ ಕಡೆ ಕೂಡ್ರಿ” ಎಂದು ಬಲಗಡೆಯ ಕುರ್ಚಿ ತೋರಿಸಿದರು. “ಎಡಗಿವಿ ಹೋಗಿ ಭಾಳ ವರ್ಷ ಆಗೈತಂತೆ ಬಸಣ್ಣ. ಡಾಕ್ಟ್ರು ಹೇಳಿದ್ರು. ನನಗೇ ಸುದ್ದಿ ಇಲ್ಲ ನೋಡ್ರಿ.”

ಅಷ್ಟರಲ್ಲಿ ಅವರ ಮನೆಯವರು ಊಟಕ್ಕೆ ಹಾಸಿದರು. ನಾವು, ಬ್ಯಾಡ್ರಿ, ಉಂಡು ಬಂದೀವಿ, ಎಂದೆವು.

“ಉಂಡೇ ಹೋಗ್ಬೇಕು” ಎಂದರು ಸಾಹೇಬರು. ಮುಖದಲ್ಲಿ ನಗುವಿತ್ತು, ಮಾತಿನಲ್ಲಿರಲಿಲ್ಲ. “ನಾವು ನಿಮ್ಮ ಹಂಗಲ್ಲ. ಇಷ್ಟು ವರ್ಷ ಬಂದು ಹೋದೆ, ಒಂದಿನಾನೂ ಊಟ ಮಾಡ್ರಿ ಅನ್ಲಿಲ್ಲ ನೀವು.”

ಗಿರಿಜಾ ಕೂತಲ್ಲಿಂದ ಎದ್ದಳು. “ಕರ್ದಿದ್ದೆ ಅಣ್ಣಾರೆ. ಮೊದಮೊದ್ಲು ಬಂದಾಗೆಲ್ಲ ಕರ್ದಿದ್ದೆ. ನಿಮಗೇ ಬ್ಯಾಡ ಅಂದ್ಕೊಂಡಿದ್ವಿ.”

ಸಾಹೇಬರು ಯೋಚನೆ ಮಾಡಿದರು. ಎಂದಿನಂತೆ ಒಂದೊಂದನ್ನೇ ತೆಗೆದು ನೋಡಿದರೆಂದು ಕಾಣುತ್ತದೆ.

“ಯಾವ ಕಡೆ ನಿಂತು ಕರ್ದೆ ತಂಗ್ಯಮ್ಮ?”

ಅವಳು ಕೈಯೆತ್ತಿ ಅವರ ಎಡಗಡೆಗೆ ತೋರಿಸಿದಳು.

ಅವರು ಎಡಗಿವಿಯನ್ನು ಹಿಡಿದುಕೊಂಡರು. “ಸಾಬ್ರಿಗೆ ಟೀ ಸಾಕು ಅನ್ನೋದು ನಿಮ್ಮ ಮನೆ ರಿವಾಜು ಅಂದ್ಕೊಂಡಿದ್ದೆ” ಎಂದರು. “ಮನಸ್ಸಿಗೆ ಹತ್ತಿತ್ತು. ಆದ್ರೂ ಬರ್ತಿದ್ದೆ.”

ಗಿರಿಜಾ ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ.

ಮುಂದಿನ ಭಾನುವಾರ ಸಾಹೇಬರು ನಮ್ಮ ಮನೆಗೆ ಊಟಕ್ಕೆ ಬಂದರು. ಗಿರಿಜಾ ಅವರ ಬಲಕ್ಕೆ ಕೂತು, ಓಣಿಗೆಲ್ಲ ಕೇಳುವಂತೆ, “ಇನ್ನೊಂದು ರೊಟ್ಟಿ ಹಾಕ್ಲಾ?” ಎಂದು ಕೂಗಿ ಕೂಗಿ ಬಡಿಸಿದಳು. “ಆ ಕಿವಿ ಚೆನ್ನಾಗೈತೆ ತಂಗ್ಯಮ್ಮ, ಅದನ್ನೂ ಕೆಡಿಸ್ಬ್ಯಾಡ” ಎಂದರು. ಹೊರಡುವಾಗ ಸೆಟ್ಟಿನ ಹತ್ತಿರ ಹೋಗಿ, ಹಾಡು ಹಾಕದೆ, ಕನ್ನಡಕ ಏರಿಸಿ, ಕಣ್ಣಳತೆಯಲ್ಲೇ ತಿರುಗಣೆಯನ್ನು ನಡುವಿಗೆ ತಂದಿಟ್ಟರು. ಅವರನ್ನು ನೋಡಿದ್ದು ಅದೇ ಕೊನೆ. ಚಳಿಗಾಲ ಕಳೆಯುವುದರೊಳಗೆ ಹರಿಹರದಿಂದ ಸುದ್ದಿ ಬಂತು.

ಈಗಲೂ ಗಿರಿಜಾ ಧೂಳು ಒರೆಸುವಾಗ ತಿರುಗಣೆಯನ್ನು ಎಡಕ್ಕೆ ತಿರುಗಿಸಿಡುತ್ತಾಳೆ. ಹಾಡು ಎಡಕ್ಕೆ ವಾಲಿಕೊಂಡೇ ಬರುತ್ತದೆ. ನಾನು ಸರಿಮಾಡಲು ಹೋಗಿಲ್ಲ.