ಲೈಟ್‌ಹೌಸ್ ಅಕ್ಕ ಹೊರಟುಹೋದರು

ಇನ್ನೂ ನಂಬಲು ಆಗುತ್ತಿಲ್ಲ...
ಮಧ್ಯಾಹ್ನ ಅವರ ಮಗಳು ನೇಹಾ ಫೋನ್ ಮಾಡಿ, "ಆಂಟಿ, ಅಮ್ಮ ಈಸ್ ನೋ ಮೋರ್" ಎಂದಳು.
ನಾನು "ಯಾವ ಅಮ್ಮ?" ಎಂದು ಕೇಳಿಬಿಟ್ಟೆ...

ಡಾ. ಸುಮತಿ. ಉಡುಪಿಯವರು.
ಕಡಲಾಚೆಯ ಈ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಡಿಪಾರ್ಟ್‌ಮೆಂಟ್.
ಇಂದು ಬೆಳಗ್ಗೆ ಕ್ಲಾಸಿಗೆ ಹೊರಡುವಾಗ ಕುಸಿದು ಬಿದ್ದರಂತೆ. ಹೃದಯಾಘಾತ...

ಊರಾಚೆ ಕಡಲ ದಡದಲ್ಲಿ ಒಂದು ಹಳೆಯ ಲೈಟ್‌ಹೌಸ್ ಇದೆ.
ದೀಪ ಆರಿ ಎಷ್ಟೋ ಕಾಲವಾಗಿದೆ. ಕಡಲಿಗೆ ಮಣ್ಣು ತುಂಬಿ ತುಂಬಿ ಸಮುದ್ರವೂ ದೂರ ಸರಿದಿದೆ.
ಅಕ್ಕ ಭಾನುವಾರ ಅಲ್ಲಿಗೆ ಹೋಗಿ, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಗಳನ್ನು ಕೀಳುತ್ತಿದ್ದರು.
"ಕಾಪು ಲೈಟ್‌ಹೌಸ್ ನೋಡ್ತಾ ಬೆಳೆದವಳು ನಾನು. ಇದನ್ನ ಹೀಗೇ ಬಿಡೋಕೆ ಮನಸ್ಸು ಬರಲ್ಲ."

ಮೊದಲು ದೊಡ್ಡ ಗುಂಪೇ ಬರುತ್ತಿತ್ತು. ಕೊನೆಗೆ ಉಳಿದದ್ದು ಅಕ್ಕ, ನಾನು, ಪಕ್ಕದ ಹಳ್ಳಿಯ ಪಾಕ್ ಹಸನ್. ಹಿರಿಯರನ್ನು ಇಲ್ಲಿ 'ಪಾಕ್' ಎಂದೇ ಕರೆಯುವುದು.
ಹಿಂದೆ ಆ ಲೈಟ್‌ಹೌಸಿನಲ್ಲಿ ದೀಪ ಹಚ್ಚುತ್ತಿದ್ದವರು ಹಸನ್ ಅವರ ತಂದೆ.
"ಡಾಕ್ಟರ್, ನೋ ಹೋಪ್ ಲಾ" ಎನ್ನುತ್ತಲೇ ಹಸನ್ ಏಣಿ ಹಿಡಿದು ನಿಲ್ಲುತ್ತಿದ್ದರು.

ಆ ಜಾಗ ರೆಸಾರ್ಟಿನ ಪಾಲಾಯಿತು.
ಲೈಟ್‌ಹೌಸ್ ಕೆಡವಬೇಡಿ ಎಂದು ಅಕ್ಕ ಆಫೀಸಿನಿಂದ ಆಫೀಸಿಗೆ ಅಲೆದರು. ಎಲ್ಲರೂ ನಗುನಗುತ್ತಾ ಮಾತಾಡಿಸಿದರು. ಯಾರೂ ಏನೂ ಮಾಡಲಿಲ್ಲ...

ಅಕ್ಕ,
ಹೋದ ಭಾನುವಾರ ನಾವು ಹೋದಾಗ ಸುತ್ತಲೂ ತಗಡಿನ ಬೇಲಿ...
ನೀವು ಕಾವಲುಗಾರನನ್ನು ಎಷ್ಟು ಕೇಳಿಕೊಂಡಿರಿ... ಒಂದೇ ಒಂದು ಸಸಿ ಕಿತ್ತು ಬರುತ್ತೇನೆ ಎಂದು.
ಅವನು ಆಗದು ಎಂದು ತಲೆಯಾಡಿಸಿದ, ಅಷ್ಟೇ.
ದಾರಿಯ ಮಾಮಾಕ್ ಹೋಟೆಲಿನಲ್ಲಿ ಊಟ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಳ್ಳುವಾಗ ಮೆಲ್ಲಗೆ ಹೇಳಿದಿರಿ...
"ಕೆಡವ್ತಾರೆ ಅಂತ ಗೊತ್ತಿತ್ತು ಕಣೇ. ಹೊರಗೆ ನಿಂತು ನೋಡ್ಬೇಕಾಗುತ್ತೆ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ."


ಪಾಕ್ ಹಸನ್‌ಗೆ ನಾನೇ ಫೋನ್ ಮಾಡಿ ತಿಳಿಸಿದೆ.

ಅವರು ಹೇಳಿದರು... ಮೇಲಿನ ಗಾಜಿನ ಕೋಣೆಯನ್ನು ನಿನ್ನೆಯೇ ಒಡೆದು ಹಾಕಿದ್ದಾರಂತೆ. ಡಾಕ್ಟರ್‌ಗೆ ಹೇಗೆ ಹೇಳುವುದೆಂದು ತಿಳಿಯದೆ ಬೆಳಗ್ಗೆಯಿಂದ ಫೋನ್ ಕೈಯಲ್ಲೇ ಹಿಡಿದು ಕೂತಿದ್ದರಂತೆ.

ನಿಮಗೆ ಅದು ತಿಳಿಯಲೇ ಇಲ್ಲ ಅಕ್ಕ.
ಅದನ್ನು ಸಮಾಧಾನ ಎನ್ನಲೂ ನನಗೆ ಬಾಯಿ ಬರುತ್ತಿಲ್ಲ...
ಉಳಿದದ್ದನ್ನು ಈ ವಾರ ಉರುಳಿಸುತ್ತಾರೆ. ತಡೆಯುವವರು ಯಾರೂ ಇಲ್ಲ.

ಅಲೆದು ದಣಿದ ಜೀವ... ಇನ್ನಾದರೂ ನೆಮ್ಮದಿಯಾಗಿರಲಿ.
ಹೋಗಿ ಬನ್ನಿ, ಅಕ್ಕ.