ಹಿಂದೆ ಯಾರೂ ಇಲ್ಲ ಸಾರ್

ಮನೆ ಬಾಗಿಲ ಫಲಕದಲ್ಲಿ ಹೆಂಡತಿಯ ಹೆಸರಿನ ಪಕ್ಕ ಬಿ.ಎ. ಎಂದಿತ್ತು. ಬಸ್ ಡ್ರೈವರಪ್ಪನ ಹೆಸರಿನ ಪಕ್ಕ ಅಂಗೈಯಗಲ ಖಾಲಿ ಜಾಗ. "ನಂದೂ ಬರ್ತದೆ, ಬಿಟ್ಟಿರಪ್ಪ" ಎಂದು ಪೇಂಟರನಿಗೆ ಅವನೇ ಹೇಳಿ ಬಿಡಿಸಿದ್ದು. ಡಿಗ್ರಿ ಬರುವ ಮೊದಲೇ ಆ ಜಾಗದಲ್ಲಿ ಜೇಡ ಸಂಸಾರ ಹೂಡಿತ್ತು.

ಬಸ್ ಓಡಿಸುತ್ತಲೇ ಓದಿ ಅಂತೂ ಇಂತೂ ಕೊನೆಯ ಪೇಪರಿಗೆ ಬಂದು ನಿಂತ. ಪರೀಕ್ಷೆ ಮನೆಯಲ್ಲೇ, ಮಗಳ ಲ್ಯಾಪ್‌ಟಾಪಿನಲ್ಲಿ. ಎಲ್ಲೋ ಕುಳಿತ ಮೇಲ್ವಿಚಾರಕಿ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾಳೆ. ಕಣ್ಣು ಪರದೆ ಬಿಡಕೂಡದು. ಮೂರನೆಯ ಎಚ್ಚರಿಕೆ ಬಂದರೆ ಪೇಪರ್ ಮುಚ್ಚಿಹೋಗುತ್ತದೆ, ಡಿಗ್ರಿಯೂ ಅದರ ಜೊತೆ.

"ಅಪ್ಪಾ, ಅತ್ತಿತ್ತ ನೋಡ್ಬೇಡ" ಎಂದು ಮಗಳು ಬಾಗಿಲೆಳೆದುಕೊಂಡಳು.

"ನಾನೇನು ಕಾಪಿ ಹೊಡೆಯೋನಾ?"

ಪಾಪ, ಆ ಬುದ್ಧಿ ಅವನಿಗೆ ಕನಸಲ್ಲೂ ಇಲ್ಲ. ಆದರೆ ಮೊದಲ ಉತ್ತರ ಮುಗಿಸಿ ಎರಡನೆಯದಕ್ಕೆ ಹೊರಟಾಗ ಕಣ್ಣು ತಾನಾಗಿಯೇ ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ಮೇಲಕ್ಕೂ ಹೋಗಿಬಂತು. ಪರದೆಯಲ್ಲಿ ಕೆಂಪು ಎಚ್ಚರಿಕೆ! ಮೂರನೆಯ ಪ್ರಶ್ನೆಗೆ ಹೊರಟ. ಬಲ, ಎಡ, ಮೇಲೆ. ಇನ್ನೊಂದು ಎಚ್ಚರಿಕೆ.

ಹಿಂದೆಯೇ ಮೇಲ್ವಿಚಾರಕಿಯ ದನಿ: "ಸಾರ್, ರೂಮಲ್ಲಿ ಯಾರಿದಾರೆ? ಯಾರನ್ನ ನೋಡ್ತಿದೀರಿ?"

"ಯಾರೂ ಇಲ್ಲಮ್ಮ. ಕನ್ನಡಿ ನೋಡ್ತಿದೀನಿ."

"ಕನ್ನಡಿನಾ? ಕ್ಯಾಮೆರಾ ತಿರುಗಿಸಿ."

ತಿರುಗಿಸಿದ. ಸುತ್ತ ಬರೀ ಗೋಡೆ. ಅವನು ಬೆವರೊರೆಸಿಕೊಂಡು, "ಬಸ್ ಡ್ರೈವರ್ ಕಣಮ್ಮ. ಮೂರು ಕನ್ನಡೀನೂ ನೋಡ್ದೆ ಗಾಡಿ ಮುಂದಕ್ಕೆ ಬಿಟ್ಟು ಅಭ್ಯಾಸ ಇಲ್ಲ. ಹಿಂದೆ ಜನ ಇರ್ತಾರಲ್ಲ" ಎಂದ.

ಆ ಕಡೆಯಿಂದ ಕೆಮ್ಮಿನಲ್ಲಿ ಅಡಗಿಸಿದ ನಗು. "ಇವತ್ತು ಹಿಂದೆ ಯಾರೂ ಇಲ್ಲ ಸಾರ್. ನೀವೊಬ್ರೇ. ಮುಂದೆ ನೋಡ್ಕೊಂಡು ಹೋಗಿ. ಇನ್ನೊಂದ್ಸಲ ತಿರುಗಿದ್ರೆ ನನ್ನ ಕೈಲೂ ಏನೂ ಆಗಲ್ಲ."

ನೀವೊಬ್ರೇ! ಊರ ಮಕ್ಕಳನ್ನೆಲ್ಲ ಕಾಲೇಜಿಗೆ ಇಳಿಸಿ ಇಳಿಸಿ ಡ್ರೈವರಪ್ಪನ ತಲೆ ನರೆತಿತ್ತು. ತನಗೋಸ್ಕರ ಗಾಡಿ ತೆಗೆದದ್ದು ಇದೇ ಮೊದಲು. ಕಣ್ಣು ನೆಟ್ಟು ಬರೆದ. ಬಾಗಿಲಾಚೆ ಹೆಂಡತಿ ಪಾತ್ರೆ ಬೀಳಿಸಿದಾಗಲೂ ಕತ್ತು ಹೊರಳಿಸಲಿಲ್ಲ.

ಕೊನೆಗೆ 'ಸಲ್ಲಿಸಿ' ಒತ್ತಿದ್ದೇ ತಡ, ಹಿಡಿದಿಟ್ಟ ಕಣ್ಣು ಬಲ, ಎಡ, ಮೇಲೆ ಎಂದು ಒಂದು ಸುತ್ತು ಹೊಡೆದುಬಂತು.

"ಎಲ್ರೂ ಇಳಿದ್ರಾ ಸಾರ್?" ಎಂದಳು ಮೇಲ್ವಿಚಾರಕಿ.

"ಇಳಿದ್ರಮ್ಮ."

ಹೊರಬಂದವನೇ ಮೀಸೆ ತಿರುವಿ, "ಪೇಂಟರ್‌ಗೆ ಹೇಳಿ ಕಳಿಸೇ!" ಎಂದ.

"ಮೊದ್ಲು ರಿಸಲ್ಟ್ ಬರ್ಲಿ ಸುಮ್ನಿರಿ" ಎಂದಳು ಹೆಂಡತಿ. ಅವಳಾಗಲೇ ಸ್ಟೂಲು ಹತ್ತಿ, ಒದ್ದೆ ಬಟ್ಟೆಯಲ್ಲಿ ಫಲಕದ ಆ ಖಾಲಿ ಜಾಗ ಒರೆಸುತ್ತಿದ್ದಳು.